ತೊಟ್ಟಿಯ ಮೀನು ಹೊರಗೆ ಹಾರದಂತೆ ನೋಡಿಕೊಳ್ಳುವ ಬಗೆ

ಅಕ್ವೇರಿಯಂನ ಮೀನು ನೆಲಕ್ಕೆ ಬಿದ್ದು ಸತ್ತರೆ ನೀರು ಕೆಟ್ಟಿರಬೇಕೆಂದು ಎಲ್ಲರೂ ಮೊದಲು ಊಹಿಸುತ್ತಾರೆ. ಅನೇಕ ಸಲ ಅದು ನಿಜವೇ ಆದರೂ, ಶುದ್ಧವಾದ ನೀರಿನಲ್ಲಿ ಆರೋಗ್ಯವಾಗಿರುವ ಮೀನು ಕೂಡ ಹಾರುತ್ತದೆ. ಬೆದರಿದ ಮೀನು ಕಣ್ಣು ಮಿಟುಕಿಸುವುದರೊಳಗೆ ಮೈಯನ್ನು ಬಿಲ್ಲಿನಂತೆ ಬಾಗಿಸಿ, ಬಾಲದಿಂದ ನೀರನ್ನು ಹಿಂದಕ್ಕೆ ತಳ್ಳಿ ಚಿಮ್ಮುತ್ತದೆ. ಎಲ್ಲಿಗೆ ಬೀಳುತ್ತೇನೆಂಬ ಎಣಿಕೆ ಅದರಲ್ಲಿ ಇರುವುದಿಲ್ಲ. ಹೊಳೆಯಲ್ಲಾದರೆ ಅದು ಮರಳಿ ನೀರಿಗೇ ಬೀಳುತ್ತದೆ, ತೊಟ್ಟಿಯಲ್ಲಾದರೆ ಗಾಜಿನ ಆಚೆ ನೆಲವಿದೆ. ಆದ್ದರಿಂದ ಮೊದಲು ಮುಚ್ಚಳವನ್ನು ಹಾಕಿ ಆಮೇಲೆ ಕಾರಣವನ್ನು ಹುಡುಕಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಕೆಲವು ಜಾತಿಗಳಿಗೆ ಹಾರುವುದೇ ಜೀವನಕ್ರಮ. ಹ್ಯಾಚೆಟ್ ಮೀನಿನ ಉಬ್ಬಿದ ಎದೆಯಲ್ಲಿ ಈಜುರೆಕ್ಕೆಗಳನ್ನು ಬಡಿಯುವ ಬಲವಾದ ಸ್ನಾಯುಗಳಿವೆ. ಅರೋವಾನವು ನೀರಿನ ಮೇಲೆ ಚಾಚಿದ ಕೊಂಬೆಯ ಮೇಲಿರುವ ಹುಳುಗಳನ್ನು ಜಿಗಿದು ಹಿಡಿಯುತ್ತದೆ, ಸ್ಪ್ಲ್ಯಾಶ್ ಟೆಟ್ರಾ ಜೋಡಿ ನೀರಿನಿಂದ ಮೇಲಕ್ಕೆ ಹಾರಿ ಎಲೆಯ ಅಡಿಯಲ್ಲಿ ಮೊಟ್ಟೆ ಅಂಟಿಸುತ್ತದೆ. ಕಿಲ್ಲಿ ಮೀನು, ಡ್ಯಾನಿಯೊ, ಗೌರಾಮಿ, ಫೈಟರ್, ಸಮುದ್ರದ ರಾಸ್ ಮತ್ತು ಫೈರ್‌ಫಿಶ್ ಕೂಡ ಈ ಸಾಲಿಗೇ ಸೇರುತ್ತವೆ. ಹಾವಿನಂಥ ಮೈಯ ರೋಪ್‌ಫಿಶ್ ಮತ್ತು ಲೋಚ್‌ಗಳ ದಾರಿ ಬೇರೆ: ಅವು ಹಾರುವುದಕ್ಕಿಂತ ಹೆಚ್ಚಾಗಿ ಕೊಳವೆಯ ಪಕ್ಕದ ಸಂದಿಯಲ್ಲಿ ನುಸುಳಿ ಹೊರಬೀಳುತ್ತವೆ. ಇಂಥ ಮೀನನ್ನು ತರುವ ಮೊದಲೇ ಮುಚ್ಚಳ ಸಿದ್ಧವಾಗಿರಬೇಕು.

ಮುಚ್ಚಳಕ್ಕೆ ಗಾಜು ಒಳ್ಳೆಯದು. ಅದು ಬಾಗುವುದಿಲ್ಲ, ಬೆಳಕನ್ನು ತಡೆಯುವುದಿಲ್ಲ, ನೀರು ಆವಿಯಾಗುವುದನ್ನೂ ಕಡಿಮೆ ಮಾಡುತ್ತದೆ. ಉದ್ದದ ತೊಟ್ಟಿಗೆ ಒಂದೇ ಹಲಗೆಯ ಬದಲು ಎರಡು ತುಂಡುಗಳನ್ನು ಮಾಡಿಸಿ, ಅಂಚುಗಳನ್ನು ಮಸೆಸಿಕೊಂಡರೆ ಎತ್ತುವುದಕ್ಕೂ ತೊಳೆಯುವುದಕ್ಕೂ ಸುಲಭ. ತೆಳುವಾದ ಅಕ್ರಿಲಿಕ್ ಹಾಳೆಯು ಕೆಳಗಿನಿಂದ ತೇವವನ್ನು ಹೀರಿಕೊಂಡು ಕೆಲವೇ ವಾರಗಳಲ್ಲಿ ಬಾಗಿಕೊಳ್ಳುವುದುಂಟು. ಹಗುರವಾದದ್ದೇ ಬೇಕೆಂದರೆ ಒಳಗೆ ಟೊಳ್ಳಿರುವ ಎರಡು ಪದರದ ಪಾಲಿಕಾರ್ಬೊನೇಟ್ ಹಾಳೆ ಮೇಲು. ಸಮುದ್ರದ ಮೀನಿನ ತೊಟ್ಟಿಗೆ ಗಾಳಿಯಾಡುವುದೂ ನೀರು ತಂಪಾಗಿರುವುದೂ ಮುಖ್ಯವಾದ್ದರಿಂದ, ಅಲ್ಯೂಮಿನಿಯಂ ಚೌಕಟ್ಟಿಗೆ ಬಿಗಿದ ಪಾರದರ್ಶಕ ಬಲೆಯನ್ನು ಹೆಚ್ಚು ಜನ ಬಳಸುತ್ತಾರೆ. 6 ಮಿ.ಮೀ. ಕಣ್ಣಿನ ಬಲೆ ಬಹುಪಾಲು ಮೀನುಗಳಿಗೆ ಸಾಕು, ತೀರ ಸಪೂರ ಮೀನುಗಳಿಗೆ 3 ಮಿ.ಮೀ. ಇರಲಿ. ಸತುವಿನ ಲೇಪವಿರುವ ಅಥವಾ ತಾಮ್ರದ ತಂತಿಯ ಜಾಲರಿಯನ್ನು ಎಂದಿಗೂ ಹಾಕಬಾರದು, ಏಕೆಂದರೆ ಅದರ ಮೇಲೆ ಕಟ್ಟಿದ ಹನಿಗಳು ಲೋಹವನ್ನು ಹೊತ್ತು ತೊಟ್ಟಿಗೇ ಇಳಿಯುತ್ತವೆ.

ಮುಚ್ಚಳ ಹಾಕಿದ ಮೇಲೂ ಮೀನು ಕಳೆದುಹೋಯಿತೆನ್ನುವವರ ತೊಟ್ಟಿಗಳಲ್ಲಿ ತಪ್ಪು ಇರುವುದು ಸಾಮಾನ್ಯವಾಗಿ ಹಿಂಬದಿಯ ಮೂಲೆಯಲ್ಲಿ. ಫಿಲ್ಟರಿನ ಕೊಳವೆ, ಹೀಟರಿನ ವೈರು, ಗಾಳಿಯ ನಳಿಕೆ ಇವುಗಳಿಗಾಗಿ ಬಿಟ್ಟ ಕಂಡಿ ನಮಗೆ ಸಣ್ಣದಾಗಿ ಕಂಡರೂ ಮೀನಿಗೆ ಬಾಗಿಲೇ ಸರಿ. ತೊಟ್ಟಿಯಲ್ಲಿರುವ ಅತಿ ಸಣ್ಣ ಮೀನಿನ ತಲೆ ಹಿಡಿಸುವಷ್ಟು ಸಂದಿ ಎಲ್ಲಿಯೂ ಇರಬಾರದು ಎಂಬ ಅಳತೆಯನ್ನು ಇಟ್ಟುಕೊಂಡು, ಉಳಿದ ಜಾಗಕ್ಕೆ ಒರಟು ಫಿಲ್ಟರ್ ಸ್ಪಂಜನ್ನು ಕತ್ತರಿಸಿ ತುರುಕಬೇಕು. ಗಾಳಿ ಸ್ಪಂಜಿನ ಮೂಲಕ ಆಡುತ್ತದೆ, ಮೀನು ದಾಟುವುದಿಲ್ಲ. ಅರೋವಾನದಂಥ ದೊಡ್ಡ ಮೀನು ಗುದ್ದಿ ಮುಚ್ಚಳವನ್ನೇ ಎತ್ತಿಬಿಡುವುದರಿಂದ ಅದಕ್ಕೆ ಕ್ಲಿಪ್ಪು ಅಥವಾ ಭಾರ ಬೇಕು. ನೀರಿನ ಮಟ್ಟಕ್ಕೂ ಮುಚ್ಚಳಕ್ಕೂ ನಡುವೆ ಕೆಲವು ಸೆಂಟಿಮೀಟರ್ ಜಾಗವನ್ನು ಬಿಡುವುದು ಅಗತ್ಯ. ಏಕೆಂದರೆ ಫೈಟರ್, ಗೌರಾಮಿ, ರೋಪ್‌ಫಿಶ್ ಮೇಲಕ್ಕೆ ಬಂದು ಗಾಳಿಯನ್ನೇ ಉಸಿರಾಡುವ ಮೀನುಗಳು.

ತೆರೆದ ತೊಟ್ಟಿಯ ಅಂದಕ್ಕಾಗಿ ಮುಚ್ಚಳವನ್ನು ಬಿಡುವವರು ನೀರನ್ನು ಅಂಚಿನಿಂದ 8–10 ಸೆಂ.ಮೀ. ಕೆಳಗಿಟ್ಟು, ಅಂತರಗಂಗೆ ಅಥವಾ ಸಾಲ್ವಿನಿಯಾದಂಥ ತೇಲುವ ಸಸ್ಯಗಳನ್ನು ಹರಡಬಹುದು. ಸಸ್ಯದ ಹೊದಿಕೆಯಡಿ ಮೀನು ಧೈರ್ಯವಾಗಿರುತ್ತದೆ, ಜಿಗಿತದ ಬಿರುಸೂ ತಗ್ಗುತ್ತದೆ. ಆದರೆ ಇದು ಅಪಾಯವನ್ನು ಕಡಿಮೆ ಮಾಡುವ ಉಪಾಯವೇ ಹೊರತು ಮುಚ್ಚಳಕ್ಕೆ ಬದಲಿಯಲ್ಲ. ಹ್ಯಾಚೆಟ್ ಮೀನನ್ನು ಇಂಥ ತೊಟ್ಟಿಯಲ್ಲಿ ಸಾಕಲೇಬಾರದು.

ಇನ್ನು ಕಾರಣಗಳು. ಇದುವರೆಗೆ ಶಾಂತವಾಗಿದ್ದ ಮೀನು ಏಕಾಏಕಿ ಮುಚ್ಚಳಕ್ಕೆ ಬಡಿದುಕೊಳ್ಳತೊಡಗಿದರೆ ಅದೇ ದಿನ ನೀರನ್ನು ಪರೀಕ್ಷಿಸಬೇಕು. ಮೀನಿನ ಹೊಲಸಿನಿಂದ ನೀರಿನಲ್ಲಿ ಹುಟ್ಟುವ ವಿಷಗಳಾದ ಅಮೋನಿಯ ಮತ್ತು ನೈಟ್ರೈಟ್ ಎರಡೂ ಸೊನ್ನೆಯಿರಬೇಕು. ಕ್ಲೋರಿನ್ ತೆಗೆಯದೆ ತುಂಬಿದ ನೀರು ಕಿವಿರುಗಳನ್ನು ಸುಡುತ್ತದೆ. ಮೀನುಗಳು ಮೇಲ್ಮೈಗೆ ಬಂದು ಬಾಯಿ ಬಡಿಯುತ್ತಿದ್ದರೆ ಆಮ್ಲಜನಕದ ಕೊರತೆಯನ್ನು ಶಂಕಿಸಿ ನೀರಿನ ಅಲುಗಾಟವನ್ನು ಹೆಚ್ಚಿಸಬೇಕು. ನೀರು ಸರಿಯಿದ್ದರೆ ಮುಂದಿನ ಶಂಕೆ ದಬ್ಬಾಳಿಕೆಯ ಮೇಲೆ: ಒಂದು ಮೀನು ಇನ್ನೊಂದನ್ನು ಮೂಲೆಗೆ ಅಟ್ಟುತ್ತಿದೆಯೇ ಎಂಬುದನ್ನು ಸ್ವಲ್ಪ ದೂರ ಕುಳಿತು ನೋಡಬೇಕು, ಏಕೆಂದರೆ ಹತ್ತಿರ ನಿಂತರೆ ಅವು ತಮ್ಮ ಸಹಜ ನಡವಳಿಕೆಯನ್ನು ತೋರುವುದಿಲ್ಲ. ಕತ್ತಲ ಕೋಣೆಯಲ್ಲಿ ತೊಟ್ಟಿಯ ದೀಪವನ್ನು ಒಮ್ಮೆಲೇ ಹೊತ್ತಿಸುವುದೂ ಮೀನನ್ನು ಬೆದರಿಸುತ್ತದೆ; ಬೆಳಿಗ್ಗೆ ಮೊದಲು ಕೋಣೆಯ ದೀಪ, ಸ್ವಲ್ಪ ಹೊತ್ತಿನ ಬಳಿಕ ತೊಟ್ಟಿಯದು, ರಾತ್ರಿ ಆರಿಸುವಾಗ ಇದರ ತಿರುಗುಮುರುಗು ಎಂಬ ಕ್ರಮವನ್ನು ರೂಢಿಸಿಕೊಳ್ಳುವುದು ಒಳ್ಳೆಯದು. ಹೊಸದಾಗಿ ಬಿಟ್ಟ ಮೀನಿಗೆ ಮೊದಲ ಕೆಲವು ರಾತ್ರಿಗಳು ಅತ್ಯಂತ ಅಪಾಯದವು.

ನೀರು ಬದಲಿಸುವಾಗ ಮೀನನ್ನು ಇರಿಸುವ ಬಕೆಟ್ಟು, ಪ್ರತ್ಯೇಕವಾಗಿಟ್ಟು ಚಿಕಿತ್ಸೆ ಮಾಡುವ ಚಿಕ್ಕ ತೊಟ್ಟಿ, ಹೊಸ ಮೀನನ್ನು ತಂದು ಬಾಯಿ ತೆರೆದು ತೊಟ್ಟಿಯಲ್ಲಿ ತೇಲಿಬಿಟ್ಟ ಪ್ಲಾಸ್ಟಿಕ್ ಚೀಲ ಇವುಗಳನ್ನು ಬಹಳ ಜನ ಮರೆಯುತ್ತಾರೆ. ಅಲ್ಲಿ ಜಾಗ ಇಕ್ಕಟ್ಟು, ಭಯ ಹೆಚ್ಚು, ಮುಚ್ಚಳ ಮಾತ್ರ ಇಲ್ಲ. ಒಂದು ತಟ್ಟೆಯನ್ನೋ ಒದ್ದೆ ಬಟ್ಟೆಯನ್ನೋ ಬಕೆಟ್ಟಿನ ಬಾಯಿಯ ಬಹುಭಾಗಕ್ಕೆ ಮುಚ್ಚಿದರೆ ಸಾಕು.

ಇಷ್ಟಾದರೂ ಮೀನು ನೆಲದ ಮೇಲೆ ಸಿಕ್ಕಿದರೆ, ಮೈ ಒಣಗಿದಂತೆ ಕಂಡ ಮಾತ್ರಕ್ಕೆ ಸತ್ತಿತೆಂದು ಎಸೆಯಬೇಡಿ. ಕಿವಿರು ತೇವವಾಗಿದ್ದರೆ ಬದುಕುವ ಸಾಧ್ಯತೆ ಇದೆ. ಮೈಯ ಲೋಳೆ ಕಿತ್ತುಹೋಗದಂತೆ ಒದ್ದೆ ಕೈಯಿಂದ ಎತ್ತಿ, ಬಟ್ಟಲಿನಲ್ಲಿ ತೊಟ್ಟಿಯದೇ ನೀರನ್ನು ತುಂಬಿ ಅಂಟಿದ ಧೂಳನ್ನು ಬಿಡಿಸಿ, ಗಾಳಿಯ ಗುಳ್ಳೆಗಳು ಏಳುವ ಕಡೆ ಮೆಲ್ಲನೆ ಹಿಡಿದುಕೊಳ್ಳಿ. ಕಿವಿರು ಆಡತೊಡಗಿದ ಬಳಿಕ ತೊಟ್ಟಿಯೊಳಗೇ ತೂಗುಹಾಕುವ ಬಲೆಯ ಪೆಟ್ಟಿಗೆಯಲ್ಲಿಟ್ಟು, ದೀಪ ಆರಿಸಿ, ಆ ದಿನ ಆಹಾರ ಕೊಡದೆ ಬಿಡಿ. ಹುರುಪೆ ಕಿತ್ತ ಜಾಗದಲ್ಲಿ ಹತ್ತಿಯಂಥ ಬಿಳಿ ಬೆಳವಣಿಗೆ ಕಾಣಿಸಿದರೆ ಅದು ಶಿಲೀಂಧ್ರವಿರಬಹುದು. ಮೀನನ್ನು ಬೇರೆ ತೊಟ್ಟಿಗೆ ಒಯ್ದು ಚಿಕಿತ್ಸೆ ಕೊಡಬೇಕು. ಅದು ಹೊರಬಿದ್ದ ಸಂದಿಯನ್ನು ಹುಡುಕಿ, ಅಂದು ರಾತ್ರಿಯ ಒಳಗೇ ಮುಚ್ಚಿ.