ಉಚಿತ ಸಾಗಣೆಯ ಖರ್ಚು ಯಾರ ತಲೆಗೆ?

ನಾನು ಬಟ್ಟೆಯ ಗೊಂಬೆಗಳನ್ನು ಹೊಲಿದು ಆನ್‌ಲೈನ್ ಮಾರುಕಟ್ಟೆಗಳಲ್ಲಿ ಮಾರುತ್ತೇನೆ. ಒಂದು ಗೊಂಬೆ ತೂಗುವುದು ಸುಮಾರು 800 ಗ್ರಾಂ. 30, 25, 20 ಸೆಂಟಿಮೀಟರ್ ಅಳತೆಯ ಪೆಟ್ಟಿಗೆಯಲ್ಲಿಟ್ಟರೆ ಕೊರಿಯರ್‌ನವರು ಕೇಳುವುದು ಮೂರು ಕಿಲೋ ದರ. ಇದರಲ್ಲಿ ಮೋಸವೇನಿಲ್ಲ. ಉದ್ದ, ಅಗಲ, ಎತ್ತರಗಳನ್ನು ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಹಾಗೆ ಬಂದ ಸಂಖ್ಯೆ, ನಿಜವಾದ ತೂಕ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಶುಲ್ಕ. ಹಗುರ ಸರಕು ವಾಹನದ ಜಾಗ ತಿನ್ನುತ್ತದಲ್ಲ! ಗೊಂಬೆಯ ಕೈಕಾಲು ಮಡಚಿ 25, 20, 10ರ ಪೆಟ್ಟಿಗೆಗೆ ಸೇರಿಸಿದೆ. ಲೆಕ್ಕ ಒಂದು ಕಿಲೋಗೆ ಇಳಿಯಿತು.

ಕಷ್ಟದ ಪ್ರಶ್ನೆ ಬೇರೆ. ಸಾಗಣೆ ಉಚಿತವೆಂದು ತೋರಿಸಿ ಎಂದು ಮಾರುಕಟ್ಟೆಗಳು ಮಾರಾಟಗಾರರ ಬೆನ್ನು ಹತ್ತುತ್ತವೆ. ತೋರಿಸಬಹುದು, ಖರ್ಚನ್ನು ಬೆಲೆಯೊಳಗೆ ತುರುಕಿದರಾಯಿತು. ಆದರೆ ಮೂರು ಗೊಂಬೆ ಕೊಂಡವರು ಆಗ ಮೂರು ಸಾಗಣೆಯ ಹಣ ಕೊಟ್ಟಂತಾಗುತ್ತದೆ, ಹೋಗುವುದು ಮಾತ್ರ ಒಂದೇ ಪಾರ್ಸೆಲ್. ದೂರದವರ ಖರ್ಚಿನಲ್ಲಿ ಒಂದು ಪಾಲು ಹತ್ತಿರದವರ ತಲೆಗೆ ಬೀಳುತ್ತದೆ. ನನಗೆ ಇದೇ ಹೆಚ್ಚು ಅನ್ಯಾಯವೆನಿಸುತ್ತದೆ, ಏಕೆಂದರೆ ಕೊಟ್ಟವರಿಗೆ ಕೊಟ್ಟದ್ದೇ ತಿಳಿಯುವುದಿಲ್ಲ.

ಶುಲ್ಕವನ್ನು ಬೇರೆಯಾಗಿ ತೋರಿಸುವುದರಲ್ಲೂ ಕೈಚಳಕಕ್ಕೆ ಜಾಗವಿದೆ. ಹರಾಜು ನಡೆಯುವ ಆನ್‌ಲೈನ್ ಮಾರುಕಟ್ಟೆ ಇಬೇಯಲ್ಲಿ ಪ್ರಯೋಗ ನಡೆಸಿದ ಅರ್ಥಶಾಸ್ತ್ರಜ್ಞರಾದ ಹೊಸೇನ್ ಮತ್ತು ಮಾರ್ಗನ್ 2006ರಲ್ಲಿ ಬರೆದಂತೆ, ಆರಂಭದ ಬೆಲೆ ಇಳಿಸಿ ಸಾಗಣೆ ಶುಲ್ಕ ಏರಿಸಿದ ಹರಾಜುಗಳು ಬಹುಪಾಲು ಹೆಚ್ಚು ಹಣ ತಂದವು. 2011ರಲ್ಲಿ ಇಬೇ ಸಾಗಣೆ ಶುಲ್ಕದ ಮೇಲೂ ಕಮಿಷನ್ ಹಾಕತೊಡಗಿತು. ಇಂಥ ಆಟವನ್ನು ತಡೆಯುವುದೇ ಉದ್ದೇಶವೆಂದಿತು. ಸರಿಯೇ. ಆದರೆ ನೆಟ್ಟಗೆ ವ್ಯಾಪಾರ ಮಾಡುವವರೂ ಕೊರಿಯರ್‌ಗೆ ಹೋಗುವ ಹಣದ ಮೇಲೆ ಕಮಿಷನ್ ತೆರಬೇಕಾಯಿತು.

ನಾನು ಮಾಡಿಕೊಂಡ ಏರ್ಪಾಡು ಇದು: ಕೊರಿಯರ್ ದರವನ್ನಷ್ಟೇ ಸಾಗಣೆ ಶುಲ್ಕವೆಂದು ಬೇರೆ ತೋರಿಸುತ್ತೇನೆ. ಪೆಟ್ಟಿಗೆ, ಅಂಟುಪಟ್ಟಿ, ಕಮಿಷನ್ ಎಲ್ಲವೂ ಗೊಂಬೆಯ ಬೆಲೆಯಲ್ಲಿ. ಎರಡನೆಯ ಗೊಂಬೆಗೆ ಪಾರ್ಸೆಲ್ ದರ ಎಷ್ಟು ಏರುತ್ತದೋ ಅಷ್ಟೇ. ಮಾರುಕಟ್ಟೆಯ ತಂತ್ರಾಂಶ ಅದನ್ನು ಒಪ್ಪದ ಕಡೆ, ಪಾರ್ಸೆಲ್ ಕಳುಹಿಸಿದ ಮೇಲೆ ವ್ಯತ್ಯಾಸವನ್ನು ಮರಳಿಸುತ್ತೇನೆ. ಹೊಲಿಗೆ ಬಿಟ್ಟಿದ್ದರೆ ಹೋಗಿಬರುವ ಖರ್ಚೆರಡೂ ನನ್ನದು. ಮನಸ್ಸು ಬದಲಾಯಿಸಿ ಹಿಂದಿರುಗಿಸಿದರೆ ವಾಪಸು ಖರ್ಚು ಅವರದು, ಇದನ್ನು ಬೆಲೆಯ ಪಕ್ಕದಲ್ಲೇ ಬರೆದಿದ್ದೇನೆ.

ಶುಲ್ಕ ಹೆಚ್ಚಾಯಿತೆಂದು ದೂರಿದವರಿಗೆ ಪೆಟ್ಟಿಗೆಯ ಅಳತೆಯನ್ನೂ ಕೊರಿಯರ್ ರಸೀದಿಯನ್ನೂ ಕಳುಹಿಸುತ್ತೇನೆ. ಎಲ್ಲವನ್ನೂ ನೋಡಿ, ಒಪ್ಪಿ, ಕೊನೆಗೆ ‘ಉಚಿತ’ ಎಂದು ಬರೆದ ಕಡೆಗೇ ಹೋಗುವವರೂ ಇದ್ದಾರೆ.