ಕೆಟ್ಟ ಫೋಟೋಗಳನ್ನಷ್ಟೇ ಕ್ಲೌಡ್‌ನಿಂದ ಹೆಕ್ಕಿ ತಂದ ಬಗೆ

ಹಾರ್ಡ್ ಡಿಸ್ಕ್ ಕೈಕೊಟ್ಟು ಕೆಲವು ಫೋಟೋಗಳು ಕೆಟ್ಟಾಗ, "ಬ್ಯಾಕಪ್ ಇದೆಯಲ್ಲ, ಎಲ್ಲ ಇಳಿಸಿಕೊಂಡು ಹಳೆಯದರ ಮೇಲೆ ಸುರಿದುಬಿಡು" ಅಂದವರೇ ಹೆಚ್ಚು. ನಾನು ಹಾಗೆ ಮಾಡಲಿಲ್ಲ. ಮಾಡಿದ್ದರೆ ಒಂದಿಷ್ಟು ಕೆಟ್ಟ ಫೋಟೋಗಳಿಗಾಗಿ ಸರಿಯಾಗಿದ್ದ ಸಾವಿರಾರು ಮೂಲ ಫೋಟೋಗಳನ್ನು ಕೈಯಾರೆ ಕಳೆದುಕೊಂಡಂತಾಗುತ್ತಿತ್ತು.

ಸಂಗ್ರಹ ಇದ್ದದ್ದು ಹೊರಗಿನಿಂದ ಜೋಡಿಸುವ ಒಂದು ಹಾರ್ಡ್ ಡಿಸ್ಕ್‌ನಲ್ಲಿ. ಮನೆಯವರ ಫೋಟೋಗಳು, ಸ್ಕ್ಯಾನ್ ಮಾಡಿಸಿದ ಹಳೆಯ ಪ್ರಿಂಟ್‌ಗಳು, ಮತ್ತೆ ವರ್ಷಗಟ್ಟಲೆ ರಾತ್ರಿಯಿಡೀ ಕೂತು ತೆಗೆದ ಯಕ್ಷಗಾನದ ಫೋಟೋಗಳು. ಫೋಲ್ಡರ್ ತೆರೆದರೆ ಎಲ್ಲವೂ ನೆಟ್ಟಗಿದ್ದಂತೆ ಕಾಣುತ್ತಿತ್ತು. ಆದರೆ ಒಂದೊಂದನ್ನೇ ದೊಡ್ಡದು ಮಾಡಿದಾಗ ಕೆಲವಕ್ಕೆ ಕಿರೀಟ ಇದೆ, ಮುಖದಿಂದ ಕೆಳಗೆ ಬರೀ ಬೂದು ಬಣ್ಣ. ಇದಕ್ಕೆ ಕಾರಣವಿದೆ: ಕ್ಯಾಮೆರಾ ಪ್ರತಿ ಫೈಲಿನ ತಲೆಭಾಗದಲ್ಲೇ ಒಂದು ಪುಟ್ಟ ಚಿತ್ರವನ್ನೂ ಬರೆದಿಟ್ಟಿರುತ್ತದೆ, ಹೆಚ್ಚಾಗಿ 160×120 ಪಿಕ್ಸೆಲ್‌ನದು. ಫೋಲ್ಡರ್ ನಮಗೆ ತೋರಿಸುವುದು ಅದನ್ನೇ ಇರಬಹುದು. ಒಡಲು ಸತ್ತಿದ್ದರೂ ಅದು ನಗುತ್ತಿರುತ್ತದೆ. ಹಾಗಾಗಿ ಥಂಬ್‌ನೇಲ್ ಎನ್ನುವ ಈ ಪುಟ್ಟ ಚಿತ್ರ ನೋಡಿ "ಉಳಿದವು ಚೆನ್ನಾಗಿವೆ" ಎಂದುಕೊಳ್ಳಬೇಡಿ.

ಬೂದು ಬಣ್ಣ ಕೆಳಗೇ ಏಕೆ ಎಂಬುದಕ್ಕೂ ಉತ್ತರ ಸರಳ. ಫೋಟೋಗಳನ್ನು ಸಾಮಾನ್ಯವಾಗಿ ಉಳಿಸಿಡುವ ಜೆಪೆಗ್ ಬಗೆಯ ಫೈಲಿನಲ್ಲಿ ಚಿತ್ರದ ಮಾಹಿತಿ ಒಂದರ ಬಾಲಕ್ಕೆ ಇನ್ನೊಂದು ಅಂಟಿಕೊಂಡಂತೆ ಮೇಲಿನಿಂದ ಕೆಳಕ್ಕೆ ಸಂಕೇತಗೊಂಡಿರುತ್ತದೆ. ನಡುವೆ ಒಂದು ಕಡೆ ತಪ್ಪಿದರೆ ಮುಂದಿನದನ್ನು ಓದುವ ಲೆಕ್ಕವೇ ತಪ್ಪಿ, ಬಣ್ಣ ಕೆಡುತ್ತದೆ ಅಥವಾ ಚಿತ್ರ ಪಕ್ಕಕ್ಕೆ ಜಾರುತ್ತದೆ; ಓದಲಾಗದೇ ಹೋದ ಭಾಗ ಬೂದಾಗಿ ಉಳಿಯುತ್ತದೆ.

ಮೊದಲು ಮಾಡಿದ್ದು ಕ್ಲೌಡ್‌ನ ಕೆಲಸವಲ್ಲ. ಕಂಪ್ಯೂಟರಿನಲ್ಲಿದ್ದ ಸಿಂಕ್ ತಂತ್ರಾಂಶವನ್ನು ನಿಲ್ಲಿಸಿದೆ. ಸಿಂಕ್‌ಗೆ ಒಳ್ಳೆಯದು ಕೆಟ್ಟದ್ದು ಗೊತ್ತಾಗುವುದಿಲ್ಲ. ಇಲ್ಲಿ ಬದಲಾದದ್ದನ್ನು ಅಲ್ಲೂ ಬದಲಾಯಿಸುವುದಷ್ಟೇ ಅದರ ಕೆಲಸ. ಕೆಟ್ಟ ಫೈಲು ಒಳ್ಳೆಯದರ ಜಾಗದಲ್ಲಿ ಹೋಗಿ ಕೂತರೆ, ಹಳೆಯ ಆವೃತ್ತಿ ಅಳಿದುಹೋಗುವ ಮುಂಚೆ ಎಚ್ಚರವಾಗಬೇಕು. ಗೂಗಲ್ ಡ್ರೈವ್‌ನಲ್ಲಿ ಕಸದಬುಟ್ಟಿಗೆ ಹೋದದ್ದು 30 ದಿನ ಉಳಿಯುತ್ತದೆ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆಗಿದ್ದ ಫೋಟೋ ಆದರೆ 60 ದಿನ.

ಆಮೇಲೆ ಡಿಸ್ಕ್‌ನ ಸರದಿ. ಅದರ ಮೇಲೆ ಏನನ್ನೂ ಬರೆಯದೆ, ದುರಸ್ತಿ ತಂತ್ರಾಂಶವನ್ನೂ ಓಡಿಸದೆ, ಕೆಟ್ಟ ಡಿಸ್ಕ್‌ನಿಂದ ಮಾಹಿತಿ ಎತ್ತುವ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಬಳಸಿ ಇಡೀ ಡಿಸ್ಕ್‌ನ ನಕಲು ತೆಗೆದೆ. ಓದಲು ಸುಲಭವಾದ ಭಾಗಗಳನ್ನು ಅದು ಮೊದಲು ಎತ್ತಿಕೊಳ್ಳುತ್ತದೆ, ಹಟ ಮಾಡುವ ಭಾಗಗಳಿಗೆ ಕೊನೆಗೆ ಮರಳುತ್ತದೆ. ಎಲ್ಲಿಯವರೆಗೆ ಬಂತು ಎಂದು ಒಂದು ಕಡತದಲ್ಲಿ ಬರೆದುಕೊಳ್ಳುವುದರಿಂದ ಕರೆಂಟು ಹೋದರೂ ಚಿಂತೆಯಿಲ್ಲ. ಮಳೆಗಾಲದಲ್ಲಿ ಇದು ಸಣ್ಣ ಮಾತಲ್ಲ. ಮುಂದಿನ ಕೆಲಸವೆಲ್ಲ ಆ ನಕಲಿನ ಮೇಲೆಯೇ.

ಕೆಟ್ಟದ್ದನ್ನು ಬೇರ್ಪಡಿಸಲು ಜೆಪೆಗ್‌ಇನ್ಫೋ ಎಂಬ ಪುಟ್ಟ ಸಾಧನ ಸಾಕಾಯಿತು. ಪ್ರತಿ ಫೈಲನ್ನೂ ಪೂರ್ತಿ ಬಿಡಿಸಿ ನೋಡಿ, ಸರಿಯೋ ತಪ್ಪೋ ಎಂದು ಪಟ್ಟಿ ಕೊಡುತ್ತದೆ. ಫೈಲಿನ ಗಾತ್ರ ನೋಡಿದರೆ ಪ್ರಯೋಜನವಿಲ್ಲ. ನನ್ನಲ್ಲಿ ಎಷ್ಟೋ ಫೈಲುಗಳ ಗಾತ್ರ ಸರಿಯಿತ್ತು, ಒಳಗೆ ಮಾತ್ರ ಉದ್ದಕ್ಕೂ ಸೊನ್ನೆ. ಸಾಧನದ ಕಣ್ಣಿಗೂ ಮಣ್ಣೆರಚುವ ಕೆಲವಿರುತ್ತವೆ: ಎಲ್ಲ ಸರಿಯಾಗಿ ಬಿಡಿಸಿಕೊಳ್ಳುತ್ತದೆ, ಆದರೆ ನಡುವಿನಿಂದ ಬಣ್ಣ ಗುಲಾಬಿಗೆ ತಿರುಗಿರುತ್ತದೆ. ಅವನ್ನು ಕಣ್ಣಲ್ಲೇ ನೋಡಿ ಆರಿಸಬೇಕು. ಬೇಸರದ ಕೆಲಸ, ಅಡ್ಡದಾರಿ ನನಗೆ ಸಿಗಲಿಲ್ಲ.

ಈಗ ಕ್ಲೌಡ್. ನನ್ನ ಪ್ರತಿಗಳು ಗೂಗಲ್ ಫೋಟೋಸ್‌ನಲ್ಲಿದ್ದವು, ತರಲು ಬಳಸಿದ್ದು ಟೇಕ್‌ಔಟ್, ನಮ್ಮ ಮಾಹಿತಿಯನ್ನು ಒಟ್ಟಿಗೆ ಇಳಿಸಿಕೊಳ್ಳಲು ಗೂಗಲ್ ಕೊಡುವ ಸೌಲಭ್ಯ. ಜಿಪ್ ತುಂಡುಗಳ ಗಾತ್ರವನ್ನು ನಾವೇ ಆರಿಸಬಹುದು. 50 ಜಿಬಿಯ ಒಂದೇ ಗಂಟು ಅನುಕೂಲವೆನಿಸುತ್ತದೆ, ಆದರೆ ಊರಿನ ಇಂಟರ್ನೆಟ್ಟಿನಲ್ಲಿ ಅದು ಅರ್ಧಕ್ಕೆ ನಿಂತರೆ ಮತ್ತೆ ಮೊದಲಿನಿಂದ. ನಾನು 4 ಜಿಬಿಯ ತುಂಡುಗಳನ್ನು ಕೇಳಿದೆ. ಇಳಿಸಿಕೊಳ್ಳುವ ಕೊಂಡಿಗಳು (ಲಿಂಕ್) ಸುಮಾರು ಒಂದು ವಾರ ಮಾತ್ರ ಬದುಕಿರುತ್ತವೆ. ಎಲ್ಲ ಜಿಪ್‌ಗಳನ್ನೂ ಒಂದೇ ಫೋಲ್ಡರಿನೊಳಗೆ ಬಿಚ್ಚಬೇಕು. ಏಕೆಂದರೆ ಫೋಟೋ ಒಂದು ತುಂಡಿನಲ್ಲಿ, ಅದರ ದಿನಾಂಕ ಮುಂತಾದ ವಿವರಗಳಿರುವ ಜೇಸನ್ ಎಂಬ ಪಠ್ಯ ಕಡತ ಇನ್ನೊಂದರಲ್ಲಿ ಇರುವುದುಂಟು.

ಆ ಜೇಸನ್ ಕಡತಗಳನ್ನು ಕಸವೆಂದು ಎಸೆಯುವವರಿದ್ದಾರೆ. ಕ್ಯಾಮೆರಾದ ಫೋಟೋಗೆ ತೆಗೆದ ದಿನ ಅದರೊಳಗೇ ಇರುತ್ತದೆ, ನಿಜ. ಆದರೆ ವಾಟ್ಸಾಪ್‌ನಲ್ಲಿ ಬಂದ ಫೋಟೋಗಳಿಗೆ ಅದು ಇರುವುದಿಲ್ಲ. ಸ್ಕ್ಯಾನ್ ಮಾಡಿದವಕ್ಕೆ ನಾನೇ ಕೂತು ಹಾಕಿದ ದಿನಾಂಕಗಳು ಜೇಸನ್‌ನಲ್ಲಿ ಮಾತ್ರ ಇದ್ದವು. ಅವನ್ನು ಎಕ್ಸಿಫ್‌ಟೂಲ್ ಎಂಬ, ಫೋಟೋದೊಳಗಿನ ವಿವರಗಳನ್ನು ಓದಿ ಬರೆಯುವ ತಂತ್ರಾಂಶದಿಂದ ಫೋಟೋ ಒಳಕ್ಕೆ ಬರೆಸಬೇಕು. ಜೇಸನ್‌ನಲ್ಲಿ ಸಮಯ ಎರಡು ಬಗೆಯಲ್ಲಿ ಇರುತ್ತದೆ: ಓದಲು ಬರುವ ಒಂದು ಸಾಲು, ಜೊತೆಗೆ 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳು. ಓದಲು ಬರುವ ಸಾಲು ಯುಟಿಸಿ ಎಂಬ ಅಂತಾರಾಷ್ಟ್ರೀಯ ಸಮಯದಲ್ಲಿರುತ್ತದೆ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಪರೀಕ್ಷೆಗೆಂದು ಒಂದು ಯಕ್ಷಗಾನದ ಆಟದ ಫೋಲ್ಡರ್ ಮೇಲೆ ಅದನ್ನೇ ಬರೆಸಿ ನೋಡಿದೆ. ಬೆಳಗಿನ ಐದಕ್ಕೆ ಗೆಳೆಯ ಕಳಿಸಿದ್ದ, ಆಟದ ಕೊನೆಯ ಮಂಗಳದ ಫೋಟೋ ರಾತ್ರಿ ಹನ್ನೊಂದೂವರೆಗೆ ಬಂದು ಕೂತಿತು; ಭಾಗವತರು ಮಂಗಳ ಹಾಡಿದ ಮೇಲೆ ಬಣ್ಣದ ವೇಷ ಅಬ್ಬರಿಸುತ್ತಾ ರಂಗಕ್ಕೆ ಬಂದಂತಾಯಿತು! ಸೆಕೆಂಡಿನ ಲೆಕ್ಕ ಹಿಡಿದು, ಕಂಪ್ಯೂಟರಿನ ಗಡಿಯಾರ ಭಾರತದ ಸಮಯದಲ್ಲಿದೆಯೇ ನೋಡಿಕೊಂಡು ಬರೆಸಿದರೆ ಈ ತೊಡಕಿಲ್ಲ. 1970ಕ್ಕಿಂತ ಹಿಂದಿನ ಫೋಟೋಗಳಿಗೆ ಆ ಸಂಖ್ಯೆ ಋಣಾತ್ಮಕ. ಅಜ್ಜನ ಕಾಲದವು ಕೆಲವೇ ಇದ್ದುದರಿಂದ ಕೈಯಲ್ಲೇ ಬರೆದೆ.

ಹೆಸರು ಹೊಂದಿಸುವುದೂ ತಲೆನೋವು. ಕ್ಯಾಮೆರಾದ ಎಣಿಕೆ 9999 ದಾಟಿದ ಮೇಲೆ ಮತ್ತೆ 0001ರಿಂದ ಶುರುವಾಗುವುದರಿಂದ ಒಂದೇ ಹೆಸರಿನ ಹಲವು ಫೋಟೋಗಳಿರುತ್ತವೆ. ಹೆಸರು ಮತ್ತು ತೆಗೆದ ಕ್ಷಣ ಎರಡೂ ಹೊಂದಿದರೆ ಮಾತ್ರ ಅದೇ ಫೋಟೋ ಎಂದು ಒಪ್ಪಿದೆ. ಆಲ್ಬಂ ಮಾಡಿದ್ದರೆ ಅದೇ ಫೋಟೋ ವರ್ಷದ ಫೋಲ್ಡರಿನಲ್ಲೂ ಆಲ್ಬಂನಲ್ಲೂ ಎರಡು ಸಲ ಬಂದಿರುತ್ತದೆ.

ಎಲ್ಲವನ್ನೂ ಏಕೆ ಬದಲಿಸಲಿಲ್ಲ ಎಂಬುದು ಇಲ್ಲಿ ಗೊತ್ತಾಗುತ್ತದೆ. 2021ರ ಜೂನ್ 1ರವರೆಗೆ ಗೂಗಲ್ ಫೋಟೋಸ್‌ನಲ್ಲಿ ಮಿತಿಯಿಲ್ಲದೆ ಉಚಿತವಾಗಿ ಇಡಬಹುದಾಗಿದ್ದದ್ದು ಹಿಂಡಿದ ಪ್ರತಿಗಳನ್ನು, 16 ಮೆಗಾಪಿಕ್ಸೆಲ್ ಮೀರಿದ್ದರೆ ಅಷ್ಟಕ್ಕೆ ಇಳಿಸಿ. ನನ್ನವು 24 ಮೆಗಾಪಿಕ್ಸೆಲ್‌ನವು. ಮೊಬೈಲಿನಲ್ಲಿ ವ್ಯತ್ಯಾಸ ಕಾಣದು. ದೊಡ್ಡದಾಗಿ ಪ್ರಿಂಟ್ ಹಾಕಿಸುವಾಗ, ಅದರಲ್ಲೂ ಕತ್ತಲಲ್ಲಿ ತೆಗೆದ ವೇಷದ ಮುಖವರ್ಣಿಕೆಯ ಗೆರೆಗಳಲ್ಲಿ, ಕಾಣುತ್ತದೆ. ಹಾಗಾಗಿ ಕೆಟ್ಟವುಗಳ ಜಾಗಕ್ಕೆ ಮಾತ್ರ ಕ್ಲೌಡ್ ಪ್ರತಿ ಬಂತು.

ಕೆಲವಕ್ಕೆ ಅದಕ್ಕಿಂತ ಒಳ್ಳೆಯ ದಾರಿಯೂ ಸಿಕ್ಕಿತು. ಎಷ್ಟೋ ಕ್ಯಾಮೆರಾಗಳ ರಾ ಫೈಲಿನೊಳಗೆ (ಕ್ಯಾಮೆರಾ ಸಂಸ್ಕರಿಸದೆ ಹಾಗೇ ಉಳಿಸಿದ ಫೈಲು) ಪೂರ್ಣ ಗಾತ್ರದ ಒಂದು ಜೆಪೆಗ್ ಅಡಗಿರುತ್ತದೆ. ಪಕ್ಕದಲ್ಲೇ ಇದ್ದ ರಾ ಉಳಿದಿದ್ದ ಕಡೆಯೆಲ್ಲ ಎಕ್ಸಿಫ್‌ಟೂಲ್‌ನಿಂದ ಅದನ್ನೇ ಹೊರಗೆಳೆದೆ, ಕ್ಲೌಡ್‌ನ ಹಂಗೇ ಬೇಕಾಗಲಿಲ್ಲ.

ಎಲ್ಲ ಮುಗಿದ ಮೇಲೆ ಪ್ರತಿ ಫೈಲಿಗೂ ಎಸ್‌ಎಚ್‌ಎ-256 (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಲೆಕ್ಕ ಹಾಕಿ ಪಟ್ಟಿಯನ್ನು ಬೇರೆ ಕಡೆ ಇಟ್ಟಿದ್ದೇನೆ. ಆಗಾಗ ಮತ್ತೆ ಲೆಕ್ಕ ಹಾಕಿಸಿ ತಾಳೆ ನೋಡುತ್ತೇನೆ. ನಾನು ಮುಟ್ಟದ ಫೋಟೋದ ಸಂಖ್ಯೆ ಬದಲಾಗಿದ್ದರೆ ಡಿಸ್ಕ್ ಮತ್ತೆ ಕೈಕೊಡುತ್ತಿದೆ ಎಂದರ್ಥ. ಕ್ಲೌಡ್‌ಗೂ ಹೋಗದೆ, ರಾ ಕೂಡ ಇಲ್ಲದೆ ಉಳಿದ ಅರ್ಧ ಬೂದು ಫೋಟೋಗಳನ್ನು ಅಳಿಸಿಲ್ಲ. ಕೆಲವನ್ನು ಕಿರೀಟದ ಮಟ್ಟಕ್ಕೆ ಕತ್ತರಿಸಿ ಇಟ್ಟುಕೊಂಡೆ. ಉಳಿದ ಆಟಗಳ ಫೋಟೋ ಬೇರೆಯವರ ಬಳಿ ಇದೆಯೇ ಎಂದು ಅಂದು ಪಕ್ಕದಲ್ಲಿ ಕೂತಿದ್ದವರನ್ನೆಲ್ಲ ಕೇಳುತ್ತಿದ್ದೇನೆ, ವಾಟ್ಸಾಪ್‌ನಲ್ಲಿ ಬೇಡ, ಪೆನ್‌ಡ್ರೈವ್‌ನಲ್ಲೇ ಕೊಡಿ ಎಂದು.