ಲಾಂಗ್ ರನ್ ಮುಗಿಸಿ ಅಡ್ಡಾಗುವ ಮುನ್ನ

ಭಾನುವಾರ ಬೆಳಗಿನ ಜಾವ 5ಕ್ಕೆ ಹೊರಟು 18–20 ಕಿಲೋಮೀಟರ್ ಓಡಿ 8ರ ಹೊತ್ತಿಗೆ ಮನೆ ಸೇರಿದವರಿಗೆ ಸೋಫಾ ಕಂಡ ಕೂಡಲೇ ಕಣ್ಣು ಎಳೆಯುತ್ತದೆ. ಬೆವರಿನ ಬಟ್ಟೆಯಲ್ಲೇ ಅಲ್ಲೇ ಒರಗಿಬಿಟ್ಟರೆ ಹತ್ತುವುದು ಮಂಪರು ಮಾತ್ರ. ಮುಕ್ಕಾಲು ಗಂಟೆ ಹೊರಳಾಡಿ ಎದ್ದಾಗ ತಲೆ ಭಾರ, ಬಾಯಿ ಒಣಗಿರುತ್ತದೆ, ಮೀನಖಂಡ ಬಿಗಿದಿರುತ್ತದೆ. ಆಮೇಲೆ ಇಡೀ ದಿನ ಮೈ ಹಗುರಾಗುವುದಿಲ್ಲ. ವ್ಯಾಯಾಮದ ನಂತರದ ನಿದ್ದೆ ಕೆಡುವುದು ನಿದ್ದೆ ಮಾಡುವಾಗಲ್ಲ, ಅದಕ್ಕೂ ಮುಂಚಿನ ಗಂಟೆಯಲ್ಲಿ. ಹಾಗಾಗಿ ಓಟ ನಿಂತ ಹೊತ್ತಿಗೂ ತಲೆ ದಿಂಬಿಗೆ ತಾಗುವ ಹೊತ್ತಿಗೂ ನಡುವೆ ನಾನು ಕನಿಷ್ಠ ಒಂದೂವರೆ ಗಂಟೆ ಬಿಡುತ್ತೇನೆ.

ಆ ಅಂತರ ಬೇಕಾಗುವುದು ಮೈ ತಣಿಯುವುದಕ್ಕೆ. ಉದ್ದ ಓಟದಲ್ಲಿ ಮೈ ಒಳಗಿನ ಉಷ್ಣತೆ 38.5–39 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಸಾಮಾನ್ಯ. ನಿದ್ದೆ ಹತ್ತಬೇಕೆಂದರೆ ಒಳಗಿನ ಉಷ್ಣತೆ ಇಳಿಯುತ್ತಿರಬೇಕು. ಅಡ್ರಿನಲಿನ್ ಇನ್ನೂ ರಕ್ತದಲ್ಲಿರುವಾಗ, ಹೃದಯ ಇನ್ನೂ ಓಟದ ಲೆಕ್ಕದಲ್ಲೇ ಬಡಿಯುತ್ತಿರುವಾಗ ಕಣ್ಣು ಮುಚ್ಚಿದರೂ ನಿದ್ದೆ ಆಳಕ್ಕಿಳಿಯುವುದಿಲ್ಲ. ದಣಿವು ಬೇರೆ, ನಿದ್ದೆ ಬರುವುದು ಬೇರೆ. ಹೊಸದಾಗಿ ಓಡಲು ಶುರು ಮಾಡಿದವರು ಇವೆರಡನ್ನೂ ಒಂದೇ ಅಂದುಕೊಳ್ಳುತ್ತಾರೆ.

ಓಟ ಮುಗಿದ ಜಾಗದಲ್ಲಿ ಗಕ್ಕನೆ ನಿಲ್ಲಬಾರದು, ಕೂರಲೂಬಾರದು. ಕಾಲಿನ ಸ್ನಾಯುಗಳು ಹಿಂಡುತ್ತಿರುವವರೆಗೆ ಮಾತ್ರ ರಕ್ತ ಸಲೀಸಾಗಿ ಮೇಲೆ ಹೋಗುತ್ತದೆ. ಥಟ್ಟನೆ ನಿಂತರೆ ರಕ್ತ ಕಾಲಲ್ಲೇ ತುಂಬಿಕೊಂಡು ತಲೆ ಸುತ್ತುತ್ತದೆ. 10 ನಿಮಿಷ ನಿಧಾನ ನಡಿಗೆ, ಉಸಿರು ಮೂಗಿನಲ್ಲೇ ಆಡುವ ಮಟ್ಟಕ್ಕೆ ಬರುವ ತನಕ. ಮನೆಗೆ ಬಂದ ಕೂಡಲೇ ಮೊದಲು ಒದ್ದೆ ಬಟ್ಟೆ ಬದಲಿಸಿ ಮೈ ಒರೆಸಿಕೊಳ್ಳುವುದು. ಒದ್ದೆ ಬನಿಯನ್ನಿನಲ್ಲಿ ಫ್ಯಾನಿನ ಕೆಳಗೆ ಕೂತರೆ ಮೊದಲ ಹತ್ತು ನಿಮಿಷ ಹಾಯೆನಿಸುತ್ತದೆ, ಆಮೇಲೆ ಚಳಿ ಹಿಡಿಯುತ್ತದೆ, ಬೆನ್ನು ಬಿಗಿಯುತ್ತದೆ.

ನೀರಿನ ಲೆಕ್ಕವನ್ನು ತೂಕದಲ್ಲೇ ನೋಡುವುದು ಒಳ್ಳೆಯದು. ಹೊರಡುವ ಮುಂಚೆ ಮೂತ್ರಕ್ಕೆ ಹೋಗಿಬಂದು ಒಳಉಡುಪಿನಲ್ಲಿ ತೂಕ ನೋಡಿಕೊಳ್ಳಿ, ಬಂದ ಮೇಲೆ ಬೆವರು ಒರೆಸಿ ಮತ್ತೆ ನೋಡಿ. 68 ಕಿಲೋ ಇದ್ದದ್ದು 66.8 ಆಗಿದ್ದರೆ ಇಳಿದ 1.2 ಕಿಲೋ ಹೆಚ್ಚುಕಡಿಮೆ ಪೂರಾ ನೀರೇ. ಕಳೆದುಕೊಂಡ ಪ್ರತಿ ಕಿಲೋಗೆ 1.25ರಿಂದ 1.5 ಲೀಟರ್ ವಾಪಸ್ ಸೇರಬೇಕು, ಅಂದರೆ ಸುಮಾರು ಒಂದೂವರೆಯಿಂದ 1.8 ಲೀಟರ್. ಅಷ್ಟನ್ನೂ ಮಲಗುವ ಮುಂಚೆಯೇ ಸುರಿದುಕೊಂಡರೆ ಜೊಂಪು ಹತ್ತುವ ಹೊತ್ತಿಗೆ ಬಾತ್‌ರೂಮಿಗೆ ಏಳಬೇಕಾಗುತ್ತದೆ. ಮೊದಲ ಅರ್ಧ ಗಂಟೆಯಲ್ಲಿ 500–600 ಮಿಲಿಲೀಟರ್ ಸಾಕು, ಉಳಿದದ್ದು ಎದ್ದ ಮೇಲೆ ಮಧ್ಯಾಹ್ನದವರೆಗೆ ಸ್ವಲ್ಪಸ್ವಲ್ಪವಾಗಿ. ಬರೀ ನೀರಿಗಿಂತ ನೀರು ಮಜ್ಜಿಗೆ ಮೇಲು: ಅರ್ಧ ಲೀಟರಿಗೆ ಕಾಲು ಟೀ ಚಮಚ ಉಪ್ಪು. ಉಪ್ಪಿಲ್ಲದ ನೀರನ್ನು ಲೀಟರ್‌ಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ತೆಳುವಾಗಿ ತಲೆನೋವು, ವಾಕರಿಕೆ ಬರುತ್ತದೆ. ಅದನ್ನು ಆಯಾಸ ಅಂತ ತಪ್ಪು ತಿಳಿದು ಮಲಗುವವರಿದ್ದಾರೆ. ರಕ್ತದೊತ್ತಡಕ್ಕೆ ಉಪ್ಪು ಕಡಿಮೆ ಮಾಡಿ ಎಂದು ಡಾಕ್ಟರ್ ಹೇಳಿರುವವರು ಈ ಉಪ್ಪಿನ ವಿಷಯವನ್ನು ಅವರನ್ನೇ ಕೇಳಬೇಕು.

ಸ್ನಾನಕ್ಕೆ ನಾನು ಅವಸರಪಡುವುದಿಲ್ಲ. ಬೆವರು ಪೂರ್ತಿ ನಿಂತ ಮೇಲೆ, ಓಟ ಮುಗಿದು ಸುಮಾರು 30 ನಿಮಿಷಕ್ಕೆ, ಉಗುರುಬೆಚ್ಚಗಿನ ನೀರು. ಹಂಡೆಯ ಸುಡುನೀರು ಬೇಡ. ವ್ಯಾಯಾಮದ ನಂತರ ರಕ್ತನಾಳಗಳು ಹಿಗ್ಗಿರುತ್ತವೆ, ರಕ್ತದೊತ್ತಡ ಕೆಲವು ಗಂಟೆಗಳವರೆಗೆ ಮಾಮೂಲಿಗಿಂತ ಕೆಳಗೇ ಇರುತ್ತದೆ. ಅದರ ಮೇಲೆ ಬಿಸಿನೀರು ಬಿದ್ದರೆ ಒತ್ತಡ ಇನ್ನೂ ಇಳಿದು ಬಚ್ಚಲಲ್ಲೇ ಕಣ್ಣು ಕತ್ತಲೆ ಬರಬಹುದು. ತೀರಾ ತಣ್ಣೀರು ಚರ್ಮದ ರಕ್ತನಾಳಗಳನ್ನು ಮುದುರಿಸಿ ಮೈ ಎಚ್ಚರಿಸುತ್ತದೆ, ಅದೂ ನಿದ್ದೆಗೆ ಒಗ್ಗುವುದಿಲ್ಲ. ಉಗುರುಬೆಚ್ಚಗಿನ ನೀರಾದರೆ ಚರ್ಮಕ್ಕೆ ರಕ್ತ ಹರಿದು ಒಳಗಿನ ಶಾಖ ಹೊರಗೆ ಹೋಗುತ್ತದೆ. ಸ್ನಾನ ಮಾಡಿ ಬಂದು ಅಂಗಾಲು ಮುಟ್ಟಿ ನೋಡಿದರೆ ಬೆಚ್ಚಗಿರಬೇಕು. ಅಂಗಾಲು ಬೆಚ್ಚಗಿದ್ದು ಹಣೆ ತಣ್ಣಗಿದ್ದರೆ ಮೈ ನಿದ್ದೆಗೆ ಸಿದ್ಧವಾಗುತ್ತಿದೆ ಎಂದು ಲೆಕ್ಕ.

ತಿಂಡಿ ಹಗುರವಾಗಿರಲಿ, ಆದರೆ ಬಿಡಬೇಡಿ. ಹಸಿದ ಹೊಟ್ಟೆಯಲ್ಲಿ ಮಲಗಿದರೆ ಇಪ್ಪತ್ತು ನಿಮಿಷಕ್ಕೇ ಎಚ್ಚರವಾಗುತ್ತದೆ. ಮೂರು ಇಡ್ಲಿ, ಬೇಳೆ ಗಟ್ಟಿಯಾಗಿರುವ ಸಾಂಬಾರು, ಎರಡು ಬೇಯಿಸಿದ ಮೊಟ್ಟೆ. ಮೊಟ್ಟೆ ತಿನ್ನದವರು ಒಂದು ಬಟ್ಟಲು ಹೆಸರುಕಾಳಿನ ಉಸ್ಲಿ, ಒಂದು ಲೋಟ ಹಾಲು. ಒಟ್ಟು ಪ್ರೋಟೀನ್ 20 ಗ್ರಾಂ ಆಸುಪಾಸಿನಲ್ಲಿದ್ದರೆ ಸಾಕು. ಬಿಸಿಬೇಳೆಬಾತ್ ಮೇಲೆ ತುಪ್ಪ ಸುರಿದುಕೊಂಡು, ಜೊತೆಗೆ ಬೋಂಡ ತಿಂದು ಅಡ್ಡಾದರೆ ಹುಳಿತೇಗು ಗಂಟಲಿಗೆ ಬರುತ್ತದೆ. ಜಿಡ್ಡು ಹೊಟ್ಟೆಯಿಂದ ಕೆಳಗಿಳಿಯುವುದು ನಿಧಾನ. ತಿಂಡಿಗೂ ಮಲಗುವುದಕ್ಕೂ ನಡುವೆ 45 ನಿಮಿಷವಾದರೂ ಇರಲಿ. ಎದೆ ಉರಿಯುವ ಅಭ್ಯಾಸ ಇರುವವರು ತಲೆಯ ಕಡೆ ಎತ್ತರ ಮಾಡಿಕೊಂಡು ಎಡಮಗ್ಗುಲಲ್ಲಿ ಮಲಗಿದರೆ ವಾಸಿ.

ಮಲಗುವ ಮುಂಚಿನ ಕೊನೆಯ ಪರೀಕ್ಷೆ ನಾಡಿ. ಮಣಿಕಟ್ಟಿನ ಒಳಬದಿ, ಹೆಬ್ಬೆರಳ ಬುಡದ ಕೆಳಗೆ ಎರಡು ಬೆರಳಿಟ್ಟು 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. ಬೆಳಗ್ಗೆ ಹಾಸಿಗೆಯಲ್ಲಿ 56 ಇರುವವರಿಗೆ ಒಂದೂವರೆ ಗಂಟೆಯ ನಂತರ 70ರ ಸುತ್ತಮುತ್ತ ಬಂದಿದ್ದರೆ ಸರಿ. ಇನ್ನೂ 85–90 ತೋರಿಸುತ್ತಿದ್ದರೆ ನೀರು ಸಾಲದು, ಇಲ್ಲವೇ ಮೈ ಇನ್ನೂ ಬಿಸಿಯಿದೆ, ಇಲ್ಲವೇ ಜ್ವರದ ಮುನ್ಸೂಚನೆ. ಆಗ ಮಲಗದೆ ನೆರಳಲ್ಲಿ ಕೂತು ಇನ್ನೊಂದು ಲೋಟ ಮಜ್ಜಿಗೆ ಕುಡಿದು ಕಾಯುವುದೇ ಸರಿ.

ಇನ್ನು ಎಷ್ಟು ಹೊತ್ತು? ಜನ ಹೆಚ್ಚು ಎಡವುವುದು ಇಲ್ಲಿ. ನಾನು ಇಟ್ಟುಕೊಂಡಿರುವುದು ಎರಡೇ ಅಳತೆ: 20 ನಿಮಿಷ, ಇಲ್ಲವೇ 90 ನಿಮಿಷ. ನಿದ್ದೆ ಮೊದಲು ತೆಳುವಾಗಿ ಶುರುವಾಗಿ, ಮೆಟ್ಟಿಲಿಳಿದಂತೆ ಆಳಕ್ಕೆ ಹೋಗಿ, ಮತ್ತೆ ಮೇಲೆ ಬರುವ ಒಂದು ಸುತ್ತಿಗೆ ಹೆಚ್ಚುಕಡಿಮೆ ಒಂದೂವರೆ ಗಂಟೆ. 20 ನಿಮಿಷಕ್ಕೆ ಎದ್ದರೆ ಆಳಕ್ಕಿಳಿಯುವ ಮುಂಚೆಯೇ ಎದ್ದಂತೆ, ಕಣ್ಣು ಥಟ್ಟನೆ ತೆರೆದುಕೊಳ್ಳುತ್ತದೆ. 90ಕ್ಕೆ ಎದ್ದರೆ ಸುತ್ತು ಮುಗಿದಿರುತ್ತದೆ. 40–60 ನಿಮಿಷಕ್ಕೆ ಅಲಾರಂ ಇಟ್ಟರೆ ಆಳದ ನಿದ್ದೆಯ ನಡುಮಧ್ಯೆ ಕೊರಳಪಟ್ಟಿ ಹಿಡಿದು ಎಳೆದ ಹಾಗೆ. ಅರ್ಧ ಗಂಟೆ ಬೆಳಗೋ ಸಂಜೆಯೋ ತಿಳಿಯುವುದಿಲ್ಲ. ಅಂಥ ಹೊತ್ತಿನಲ್ಲಿ ಸ್ಕೂಟರ್ ಹತ್ತಬಾರದು. ನಿದ್ದೆ ಹತ್ತಲು ಬೇಕಾಗುವ ಸಮಯವನ್ನೂ ಸೇರಿಸಿ ಅಲಾರಂ 20ರ ನಿದ್ದೆಗೆ 27–28 ನಿಮಿಷಕ್ಕೆ, 90ರ ನಿದ್ದೆಗೆ 100 ನಿಮಿಷಕ್ಕೆ ಇಡುತ್ತೇನೆ. ಫೋನು ಕೈಗೆ ಸಿಗುವ ದೂರದಲ್ಲಿರಬಾರದು, ನಾಲ್ಕು ಹೆಜ್ಜೆ ನಡೆದು ಆರಿಸುವಂತಿರಬೇಕು.

ಒಂದು ಸೂಕ್ಷ್ಮ ಇದೆ. ಹಿಂದಿನ ರಾತ್ರಿ 4–5 ಗಂಟೆ ಮಾತ್ರ ಮಲಗಿದ್ದರೆ ಮೈ ಆಳದ ನಿದ್ದೆಗೆ ಬೇಗ ಜಾರುತ್ತದೆ. ಅಂಥ ದಿನ 25 ನಿಮಿಷವೂ ಮಂಕು ಕವಿಸಬಹುದು. ಆಗ ಇಲ್ಲ 12–15 ನಿಮಿಷಕ್ಕೆ ಏಳಿ, ಇಲ್ಲ ಪೂರಾ 90 ಕೊಟ್ಟುಬಿಡಿ. 2007ರಲ್ಲಿ ಪ್ರಕಟವಾದ ಒಂದು ಬ್ರಿಟಿಷ್ ಅಧ್ಯಯನದಲ್ಲಿ ರಾತ್ರಿ 4 ಗಂಟೆ ಮಾತ್ರ ಮಲಗಿದ್ದ ಗಂಡಸರಿಗೆ ಊಟದ ನಂತರ ಅರ್ಧ ಗಂಟೆ ಮಲಗಿಸಿ, ಆಮೇಲೆ ಸುಧಾರಿಸಿಕೊಳ್ಳಲು ಇನ್ನೊಂದು ಅರ್ಧ ಗಂಟೆ ಬಿಟ್ಟು 20 ಮೀಟರ್ ಓಡಿಸಿದರು. ಓಟದ ವೇಗ ಸುಧಾರಿಸಿತು, ಮುಷ್ಟಿಯ ಹಿಡಿತದ ಬಲದಲ್ಲಿ ವ್ಯತ್ಯಾಸವಾಗಲಿಲ್ಲ. ಎದ್ದ ಮೇಲಿನ ಆ ಅರ್ಧ ಗಂಟೆಯನ್ನು ಮರೆತರೆ ನಿದ್ದೆಯ ಲಾಭ ಕಾಣುವುದಿಲ್ಲ.

ಗಂಟೆ ಹೊತ್ತಿನ ಮಾತು. ರಾತ್ರಿ 7 ಗಂಟೆ ನಿದ್ದೆ ಆಗಿದ್ದರೆ ಬೆಳಗ್ಗೆ ಓಡಿ ಬಂದ ಮೇಲೆ ಮಲಗುವುದೇ ಬೇಡ; ಮಧ್ಯಾಹ್ನ 1ರಿಂದ 2.30ರ ನಡುವೆ ಮೈ ತಾನಾಗಿ ತೂಕಡಿಸುವ ಹೊತ್ತಿಗೆ 20 ನಿಮಿಷ ಸಾಕು. ಓಟಕ್ಕೆಂದು 3.45ಕ್ಕೇ ಎದ್ದು ರಾತ್ರಿಯ ನಿದ್ದೆ ಮೊಟಕಾಗಿದ್ದರೆ 10 ಗಂಟೆಗೆ 90 ನಿಮಿಷದ ನಿದ್ದೆ. ಬೆಳಗಿನ ನಿದ್ದೆಯಲ್ಲಿ ಕನಸಿನ ಪಾಲು ಹೆಚ್ಚು, ಮಧ್ಯಾಹ್ನದ್ದರಲ್ಲಿ ಆಳದ ಪಾಲು ಹೆಚ್ಚು. ಬೆಳಿಗ್ಗೆ 11.30ಕ್ಕೆ ಎದ್ದವರಿಗೆ ರಾತ್ರಿ 10ಕ್ಕೆ ನಿದ್ದೆ ಬರಲು ತೊಂದರೆಯಾಗುವುದಿಲ್ಲ. 3 ಗಂಟೆ ದಾಟಿದ ಮೇಲೆ ಬೇಡವೇ ಬೇಡ. ದೀಪ ಹಚ್ಚುವ ಹೊತ್ತಲ್ಲಿ ಮಲಗಬಾರದು, ಲಕ್ಷ್ಮಿ ಬರುವ ಹೊತ್ತು ಎಂದು ಅಜ್ಜಿಯರು ಎಬ್ಬಿಸುತ್ತಿದ್ದದ್ದು ಈ ದೃಷ್ಟಿಯಿಂದ ಸರಿಯೇ: ದಿನವಿಡೀ ಎಚ್ಚರವಿದ್ದು ಕೂಡಿಹಾಕಿದ ನಿದ್ದೆಯ ಒತ್ತಡ ಸಂಜೆಯ ಜೊಂಪಿನಲ್ಲಿ ಖರ್ಚಾದರೆ ರಾತ್ರಿ 12ರವರೆಗೆ ಸೂರು ನೋಡುತ್ತಾ ಇರಬೇಕು. ಸಂಜೆ ಜಿಮ್‌ಗೆ ಹೋಗುವವರು ಬಂದು ಅಡ್ಡಾಗುವ ಬದಲು ರಾತ್ರಿ ಮುಕ್ಕಾಲು ಗಂಟೆ ಮುಂಚೆ ಮಲಗಿದರೆ ಅದಕ್ಕಿಂತ ಹೆಚ್ಚು ಸಿಗುತ್ತದೆ.

ಆಯುರ್ವೇದ ಹಗಲುನಿದ್ದೆಯನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಆದರೆ ಬೇಸಿಗೆಗೂ, ದಾರಿ ನಡೆದು, ಭಾರ ಹೊತ್ತು ದಣಿದವರಿಗೂ ಅದೇ ಶಾಸ್ತ್ರ ವಿನಾಯಿತಿ ಕೊಟ್ಟಿದೆ. ಕೀನ್ಯಾದ ಇಟೆನ್‌ನಲ್ಲಿ, 2,400 ಮೀಟರ್ ಎತ್ತರದಲ್ಲಿ, ಬೆಳಗ್ಗೆ ಒಮ್ಮೆ ಸಂಜೆ ಒಮ್ಮೆ ಓಡುವವರಿಗೆ ನಡುವಿನ ನಿದ್ದೆ ತರಬೇತಿಯ ಭಾಗವೇ. ಹಾಗೆಂದು ವಾರಕ್ಕೆ ನಾಲ್ಕು ದಿನ 6 ಕಿಲೋಮೀಟರ್ ಓಡಿ ಆಫೀಸಿಗೆ ಹೋಗುವವರು ಅದನ್ನು ನಕಲು ಮಾಡಬೇಕಿಲ್ಲ. ನನ್ನ ಮಟ್ಟಿಗೆ ಇದು ಲಾಂಗ್ ರನ್ ದಿನಕ್ಕೆ, ಚಾಮುಂಡಿ ಬೆಟ್ಟದ ಮೆಟ್ಟಿಲನ್ನು ಎರಡೆರಡು ಸಲ ಹತ್ತಿಳಿದ ದಿನಕ್ಕೆ ಮಾತ್ರ.

ಮಲಗುವ ಕೋಣೆ ಕತ್ತಲಿರಲಿ, ಫ್ಯಾನ್ ನೇರವಾಗಿ ಮುಖಕ್ಕೆ ಬೀಸದಿರಲಿ. ಹಾಸಿಗೆಗಿಂತ ಚಾಪೆಯ ಮೇಲೊಂದು ಜಮಖಾನ ನನಗೆ ಇಷ್ಟ, ಬೆನ್ನಿಗೆ ಗಾಳಿಯಾಡುತ್ತದೆ, 20 ನಿಮಿಷಕ್ಕೆ ಏಳುವುದೂ ಸುಲಭ. ಮೀನಖಂಡದ ಕೆಳಗೆ ಒಂದು ದಿಂಬು ಇಟ್ಟರೆ ಕಾಲಿನ ಭಾರ ಇಳಿಯುತ್ತದೆ. ಆದರೆ ಪಾದ ಬ್ಯಾಲೆ ಕುಣಿಯುವವರಂತೆ ಕೆಳಮುಖವಾಗಿ ಚಾಚಿಕೊಂಡಿದ್ದರೆ ನಿದ್ದೆಯಲ್ಲೇ ಮೀನಖಂಡ ಸೆಟೆದುಕೊಳ್ಳುತ್ತದೆ. ಸೆಟೆದರೆ ಉಜ್ಜಬೇಡಿ, ಕೂತು, ಮಂಡಿ ನೇರ ಮಾಡಿ, ಕಾಲ್ಬೆರಳುಗಳನ್ನು ನಿಮ್ಮ ಕಡೆಗೆ ಎಳೆದು 30 ಸೆಕೆಂಡ್ ಹಿಡಿದಿಡಿ. ಗಂಟು ಕೈಯ ಕೆಳಗೇ ಕರಗುವುದು ತಿಳಿಯುತ್ತದೆ. ಆಮೇಲೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ.

ಕಾಫಿ ಕುಡಿದು ಮಲಗುವ ಉಪಾಯ ಕೆಲಸ ಮಾಡುತ್ತದೆ, ಆದರೆ 20 ನಿಮಿಷದ ನಿದ್ದೆಗೆ ಮಾತ್ರ. ಒಂದು ಸಣ್ಣ ಲೋಟ ಫಿಲ್ಟರ್ ಕಾಫಿಯನ್ನು ಗುಟುಕರಿಸುತ್ತಾ ಕೂರದೆ ಎರಡು ನಿಮಿಷದಲ್ಲಿ ಮುಗಿಸಿ ಅಡ್ಡಾಗಬೇಕು. ಕೆಫೀನ್ ಮೆದುಳಿಗೆ ತಲುಪಿ ಚುರುಕು ಮುಟ್ಟಿಸಲು 20–30 ನಿಮಿಷ ಬೇಕು, ಅಷ್ಟರಲ್ಲಿ ನಿದ್ದೆ ಮುಗಿದಿರುತ್ತದೆ. ಕುಡಿದ ಕೆಫೀನಿನ ಅರ್ಧ ಭಾಗ ಸುಮಾರು 5 ಗಂಟೆಯ ನಂತರವೂ ರಕ್ತದಲ್ಲಿರುತ್ತದೆ, ಆದ್ದರಿಂದ ಮಧ್ಯಾಹ್ನ 2ರ ಮೇಲೆ ಇದನ್ನು ಮಾಡುವುದಿಲ್ಲ.

ಏಳುವಾಗ ಮಗ್ಗುಲಾಗಿ, ಕೂತು, ಒಂದು ನಿಮಿಷ ಪಾದ ಆಡಿಸಿ, ಆಮೇಲೆ ನಿಲ್ಲಿ. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರಿಗೆ ಇದು ಕಡ್ಡಾಯ. ಮುಖಕ್ಕೆ ತಣ್ಣೀರು ಎರಚಿಕೊಂಡು ಬಿಸಿಲಿರುವ ಕಡೆ 5–10 ನಿಮಿಷ ಓಡಾಡಿದರೆ ಮಂಕು ಹರಿಯುತ್ತದೆ.

ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆ ತೆಗೆದುಕೊಳ್ಳುವವರು ಗ್ಲುಕೋಮೀಟರ್‌ನಲ್ಲಿ ನೋಡದೆ ಮಲಗಬಾರದು. ವ್ಯಾಯಾಮದ ಪರಿಣಾಮವಾಗಿ ಸಕ್ಕರೆ ಗಂಟೆಗಟ್ಟಲೆ ಇಳಿಯುತ್ತಾ ಹೋಗಬಹುದು, ನಿದ್ದೆಯಲ್ಲಿ ಅದರ ನಡುಕ, ಬೆವರು ಗೊತ್ತಾಗುವುದಿಲ್ಲ. ಮಲಗಿದವರನ್ನು ನೋಡಿಕೊಳ್ಳಲು ಮನೆಯಲ್ಲಿ ಒಬ್ಬರಿಗೆ ಹೇಳಿರಬೇಕು. ಬಿಸಿಲಲ್ಲಿ ಓಡಿ ಬಂದವರು ತೊದಲುತ್ತಿದ್ದರೆ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಕೊಡುತ್ತಿದ್ದರೆ, ವಾಂತಿ ಮಾಡುತ್ತಾ ನಿದ್ದೆಗೆ ಜಾರುತ್ತಿದ್ದರೆ ‘ಪಾಪ ಸುಸ್ತಾಗಿದ್ದಾನೆ, ಮಲಗಲಿ’ ಎನ್ನಬೇಡಿ. ಅದು ಉಷ್ಣಾಘಾತ. ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ಮೈಮೇಲೆ ತಣ್ಣೀರು ಸುರಿಯುತ್ತಾ 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವವರೆಗೂ ನೀರು ಸುರಿಯುವುದನ್ನು ನಿಲ್ಲಿಸಬಾರದು.

ರಾತ್ರಿ ನಿದ್ದೆ ಬಾರದ ತೊಂದರೆ ಮೊದಲೇ ಇರುವವರು ಈ ಹಗಲುನಿದ್ದೆಯ ಗೋಜಿಗೆ ಹೋಗದಿದ್ದರೆ ಒಳ್ಳೆಯದು. ರಾತ್ರಿ ಎಂಟು ಗಂಟೆ ಮಲಗಿಯೂ, ಐದೇ ಕಿಲೋಮೀಟರ್ ಓಡಿಯೂ ದಿನಾ ಹಾಸಿಗೆ ಹುಡುಕುವಂತಾದರೆ ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆ ಮಾಡಿಸಿ. ಗೊರಕೆಯೂ ಜೋರಾಗಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.